ಹಾಸನದ ಗೊಬ್ಬರ, ಚುಕ್ಕಿಯ ಗಿಣ್ಣು

3 ಮಾರ್ಚ್ 2025, ಮಧ್ಯಾಹ್ನ

ಹಾಲು ಕರೆದು, ಡೈರಿಗೆ ಹಾಕಿ, ಕೊಟ್ಟಿಗೆ ತೊಳೆದಾಯ್ತು. ಸುದರ್ಶನ್ ಹೊಳೆನರಸೀಪುರದ ಬಸ್ ಹತ್ತಿದರು — ತಾಲ್ಲೂಕಾಫೀಸು. ಇನ್ನು ಸಂಜೆಗೇ ಗಂಡನ ಮುಖ.

ಹತ್ತಕ್ಕೆ ಬರ್ತೀನಿ ಅಂದ ಟ್ರ್ಯಾಕ್ಟರ್ ಹನ್ನೊಂದಕ್ಕೆ ಬಂತು. ಸ್ಲಡ್ಜ್. ಹಾಸನದ ಒಳಚರಂಡಿ ನೀರು ಶುದ್ಧ ಮಾಡಿದ ಮೇಲೆ ತಳದಲ್ಲಿ ಉಳಿಯೋ ಕೆಸರು — ಸಂಸ್ಕರಿಸಿ, ಒಣಗಿಸಿ ಕೊಟ್ಟಿದ್ದಾರೆ. ನೋಡೋಕೆ ಕಪ್ಪು ಮಣ್ಣು. ವಾಸನೆ ಒದ್ದೆ ಗೋಣಿಚೀಲದ್ದು, ಅಷ್ಟೆ. ಕೆಂಪಣ್ಣ ಮಾತ್ರ ಮೂಗಿಗೆ ಟವೆಲ್ ಕಟ್ಟಿಕೊಂಡು ಬದು ಮೇಲೆ ನಿಂತಿದ್ದರು. ಪಕ್ಕದ ಹೊಲದವರು. ಸಾಲದ್ದಕ್ಕೆ ಹಾಲಿನ ಸಂಘದ ಅಧ್ಯಕ್ಷರು.

"ಆಸನದೋರ್ ಹೇಲೆಲ್ಲಾ ನಮ್ಮೂರ್ಗೆ ತಂದ್ ಸುರೀತಿದ್ದೀಯಲ್ಲವ್ವಾ!"

"ನಿಮ್ಮ ಮಗಳ ಮನೆ ಇರೋದೂ ಹಾಸನದಲ್ಲೇ ಅಲ್ವಾ ಕೆಂಪಣ್ಣ? ಪೂರಾ ಬೇರೆಯವರದು ಅನ್ಕೋಬೇಡಿ."

ಟವೆಲ್ ಬಿಗಿ ಮಾಡಿಕೊಂಡು ಹೋದರು.

ನೇಪಿಯರ್ ಹುಲ್ಲಿನ ಕೂಳೆ ಮಧ್ಯೆ ಹರಡಿಸಿದೆ. ಉಳುಮೆ, ನೀರು. ಗೊಬ್ಬರ ಕೊಟ್ಟವರ ಟ್ರೈನಿಂಗಲ್ಲಿ ಹೇಳಿದ ಹಾಗೆ ಒಂದೂವರೆ ತಿಂಗಳು ಕುಡುಗೋಲು ಮುಟ್ಟಿಸಬಾರದು. ಮುಟ್ಟಿಸಲ್ಲ. ಸೊಪ್ಪಿನ ಮಡಿಗೆ ಒಂದು ಹಿಡಿಯೂ ಹಾಕಲಿಲ್ಲ. ಇದು ಹುಲ್ಲಿಗೆ ಮಾತ್ರ.

29 ಮಾರ್ಚ್

ಸೊಂಟದ ಮಟ್ಟ ಬಂದಿದೆ. ಎಂಥಾ ಹಸಿರು! ಯೂರಿಯಾ ಹಾಕಿದ್ದಾಗಲೂ ಹೀಗಿರಲಿಲ್ಲ. ಅತ್ತೆ ಹೆಸರಿಟ್ಟಾಗಿದೆ — ಕಕ್ಕಸ್ ಉಲ್ಲು. ಊರೆಲ್ಲಾ ಈಗ ಅದೇ ಹೆಸರು.

ಅನ್ನಲಿ. ಹಸುಗಳು ಹೆಸರು ಕೇಳಿಕೊಂಡು ತಿನ್ನಲ್ಲ.

20 ಏಪ್ರಿಲ್, ಸಂಜೆ

ಮೊದಲ ಕಟಾವು. ನನಗಿಂತ ಎತ್ತರ. ಐದು ಹಸುವೂ ಗೋದಲಿ ನೆಕ್ಕಿಟ್ಟವು.

ಅತ್ತೆ ಮಾತ್ರ ಇವತ್ತಿಂದ ಮನೆ ಹಾಲು ಮುಟ್ಟಲ್ಲವಂತೆ. ಅಂಗಡಿಯಿಂದ ಎರಡು ಪ್ಯಾಕೆಟ್ ತಂದೆ. ನಗು ಬಂತು.

"ಅತ್ತೆ, ಈ ಪ್ಯಾಕೆಟ್ಟಲ್ಲೂ ನಮ್ಮ ಹಾಲೇ ಇರ್ತದೆ."

"ಅದ್ರಲ್ಲಿ ಜಿಲ್ಲೆ ಆಲೆಲ್ಲಾ ಬೆರ್ತಿರ್ತದೆ ಕಣೆ. ದೋಸ ಅಂಚ್ಕೊಂಡೋಯ್ತದೆ."

ಇದಕ್ಕೆ ಯಾವ ಟ್ರೈನಿಂಗಲ್ಲೂ ಉತ್ತರ ಹೇಳಿಕೊಟ್ಟಿಲ್ಲ.

2 ಮೇ

ಹಾಲು ಏರಿದೆ. ಫ್ಯಾಟೂ ಚೆನ್ನಾಗಿದೆ. ಆದರೂ ಕೆಂಪಣ್ಣ ಮೇ 11ರ ಭಾನುವಾರ ಸಂಘದ ಮೀಟಿಂಗ್ ಕರೆದಿದ್ದಾರೆ — ನಮ್ಮ ಮನೆ ಹಾಲು ತಗೋಬೇಕೋ ಬೇಡವೋ ಅಂತ. ಬೇಡ ಅಂದರೆ ಇಷ್ಟೂ ಹಾಲು ಎಲ್ಲಿ ಸುರಿಯಲಿ? ಕೊಟ್ಟಿಗೆಯೇ ಮುಚ್ಚಬೇಕು.

ಮುಚ್ಚಲ್ಲ. ಗಬ್ಬದ ಹಸು ಚುಕ್ಕಿಗೆ ದಿನ ತುಂಬಿದೆ. ಗಿಣ್ಣುಹಾಲು ಮನೆಮನೆಗೆ ಕಳಿಸ್ತೀನಿ. ಊರು ಗಿಣ್ಣು ತಿಂದರೆ ಸಂಘ ಯಾವ ಬಾಯಲ್ಲಿ ಬೇಡ ಅಂತದೆ?

7 ಮೇ

ಚುಕ್ಕಿ ಈದಳು. ಹೆಣ್ಣು ಕರು! ಹಣೆ ಮೇಲೆ ತಾಯಿಯದೇ ಬಿಳಿ. ಕರು ಹೊಟ್ಟೆತುಂಬ ಕುಡಿದ ಮೇಲೆ ಕರೆದೆ — ಅರಿಶಿನದ ಹಾಗೆ, ಗಟ್ಟಿ.

ಯಾವಾಗಲೂ ಗಿಣ್ಣು ಹಂಚೋದು ಅತ್ತೆ. ಈ ಸಲ ಜಗಲಿ ಬಿಟ್ಟು ಏಳಲಿಲ್ಲ. ನಾನೇ ಹೊರಟೆ. ಮೂರು ಮನೆಯವರು ಸುಮ್ಮನೆ ತಗೊಂಡರು, ವಾಡಿಕೆಯಂತೆ ಚೂರು ಬೆಲ್ಲ ಹಾಕಿ ಪಾತ್ರೆ ವಾಪಸ್ ಕೊಟ್ಟರು. ಕೆಂಪಣ್ಣನ ಹೆಂಡತಿ ಮಲ್ಲಿಗಮ್ಮ ಮುಚ್ಚಳ ತೆಗೆದು ನೋಡಿ, ಹಾಗೇ ಮುಚ್ಚಿದರು. ಗಿಣ್ಣು ತುಂಬಿದ ಪಾತ್ರೆ ವಾಪಸ್! ನಮ್ಮ ಕಡೆ ಇದಕ್ಕಿಂತ ಅವಮಾನ ಇಲ್ಲ.

ಜಗಳಕ್ಕೆ ಬಾಯಿ ತೆಗೆದೆ. ಅವರು ಜಗಳ ಆಡಲಿಲ್ಲ. ಮೆಲ್ಲಗೆ ಕೇಳಿದರು.

"ನಿನ್ ಮಗೀಗ್ ಕೊಟ್ಯಾ? ಮೊದ್ಲು ಅದ್ಕ್ ತಿನ್ನಿಸ್ಬುಟ್ ಬಾರವ್ವ. ಆಮೇಲ್ ನಾವ್ ತಿಂತೀವಿ."

ಪಾತ್ರೆ ಎತ್ತಿಕೊಂಡು ತಿರುಗಿದೆ. ದಿನಾ ತರೋ ಎರಡು ಪ್ಯಾಕೆಟ್ಟಲ್ಲಿ ಅತ್ತೆಗೆ ಒಂದೇ ಸಾಕು. ಇನ್ನೊಂದು ಧನ್ಯಾಗೆ. ಹದಿನೇಳು ದಿನದಿಂದ ನಮ್ಮ ಹಾಲು ನಾನೂ ಸುದರ್ಶನ್ನೂ ಕುಡೀತಿದ್ದೀವಿ, ಜಿಲ್ಲೆಯೆಲ್ಲಾ ಕುಡೀತಿದೆ — ನನ್ನ ಮಗಳಿಗೆ ಮಾತ್ರ ಪ್ಯಾಕೆಟ್ಟು. ಸಣ್ಣ ಹೊಟ್ಟೆ, ಒಗ್ಗುತ್ತೋ ಇಲ್ಲವೋ... ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಊರಿಗೆಲ್ಲಾ ಪಾಠ ಹೇಳೋ ಸೌಜನ್ಯ ನಾನು! ನಾಚಿಕೆ ಆಯ್ತು. ದಾರಿಯುದ್ದಕ್ಕೂ ಪಾತ್ರೆ ಭಾರ.

8 ಮೇ, ಮಧ್ಯಾಹ್ನ

ಮಲ್ಲಿಗಮ್ಮ ವಾಪಸ್ ಕೊಟ್ಟ ಅದೇ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದೆ. ಒಳ್ಳೆ ಹದ. ನಾನು ತಿಂದೆ. ಧನ್ಯಾ ತಟ್ಟೆ ಹಿಡಿದು ಕೂತೇಬಿಟ್ಟಳು. ತುಂಡು ಮಾಡಿದೆ. ಕೈ ಮುಂದಕ್ಕೆ ಹೋಗಲಿಲ್ಲ. ಹುಲ್ಲಿನ ಲೆಕ್ಕ, ದಿನದ ಲೆಕ್ಕ, ಕುದಿಸೋದು, ಬೇಯಿಸೋದು — ಎಲ್ಲಾ ಸರಿ ಅಂತ ಗೊತ್ತು. ಆದರೂ.

ಬಾಗಿಲಲ್ಲಿದ್ದ ಅತ್ತೆ ಬಂದು ನನ್ನ ಕೈಯಿಂದ ತುಂಡು ಕಿತ್ತುಕೊಂಡರು. ಎಸೀತಾರೆ ಅಂದುಕೊಂಡೆ.

ಬಾಯಿಗೆ ಹಾಕಿಕೊಂಡರು.

"ನೋಡಾನ ತಡಿ. ಏನಾರಾ ಆಗಾದಿದ್ರೆ ನಂಗಾಗ್ಲಿ."

ನಿಧಾನಕ್ಕೆ ಅಗಿದರು. ನುಂಗಿದರು. "ಬೆಲ್ಲ ಒಸಿ ಕಮ್ಮಿ. ಕೊಡೇ ಮಗೀಗೆ, ಯಾಕಂಗ್ ನೋಡ್ತೀ?"

ಕೊಟ್ಟೆ. ಎರಡು ತುಂಡು ತಿಂದಳು. ಕಣ್ಣು ತುಂಬಿ ಬಂತು. ಅತ್ತೆಯನ್ನ ತಬ್ಬಿಕೊಳ್ಳೋಣ ಅನ್ನಿಸಿತು. ರೂಢಿ ಇಲ್ಲ. ಅವರಿಗೆ ಇನ್ನೊಂದು ತುಂಡು ಹಾಕಿಕೊಟ್ಟೆ.

9 ಮೇ, ಬೆಳಗ್ಗೆ

ರಾತ್ರಿ ಧನ್ಯಾಳ ಹಣೆ ಎಷ್ಟು ಸಲ ಮುಟ್ಟಿದೆನೋ! ತಣ್ಣಗಿತ್ತು. ಅತ್ತೆ ಎದ್ದು, ಎಂದಿನಂತೆ ಎಲ್ಲರನ್ನೂ ಬೈದು ಮುಗಿಸಿದರು.

ಭಾನುವಾರ ಮೀಟಿಂಗಿಗೆ ಮಗಳನ್ನ ಕರ್ಕೊಂಡೇ ಹೋಗ್ತೀನಿ. ಮಲ್ಲಿಗಮ್ಮ ಕೇಳಲಿ, ಕೆಂಪಣ್ಣ ಕೇಳಲಿ. ಈಗ ಉತ್ತರ ಇದೆ.

ಧನ್ಯಾ ಎದ್ದಳು. ಹಾಲು ಅಂತಿದ್ದಾಳೆ. ಫ್ರಿಜ್ಜಲ್ಲಿ ಒಂದು ಪ್ಯಾಕೆಟ್ ಇದೆ... ಇರಲಿ ಬಿಡು. ಒಲೆ ಮೇಲೆ ನಮ್ಮದೇ ಇಟ್ಟಿದ್ದೀನಿ. ಅಯ್ಯೋ, ಉಕ್ತಾ ಇ—