ಐವತ್ತು ನಿಮಿಷದ ಅಕ್ಕ

ಪ್ರೀತಿಯ ಅಕ್ಕಾ,

ಇವತ್ತು ಬೆಳಿಗ್ಗೆ ಅಮ್ಮನ ಉಗುರು ಕತ್ತರಿಸುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬಲಗೈಯ ಉಗುರುಗಳು ಎಂದಿನಂತೆ ಬೆಳೆದಿದ್ದವು, ಎಡಗೈಯವು ಬೆಳೆದೇ ಇಲ್ಲ ಅನ್ನುವಷ್ಟು ಕಡಿಮೆ. ಹೋದ ವಾರವೂ ಹಾಗೇ ಇತ್ತೇನೋ, ನಾನು ನೋಡಿರಲಿಲ್ಲ. ಲಕ್ವ ಹೊಡೆದ ಕೈಗೆ ಉಗುರು ಬೆಳೆಸುವಷ್ಟು ಉಮೇದೂ ಉಳಿದಿಲ್ಲ. ಕತ್ತರಿ ಹಿಡಿದು ಆ ಬೆರಳುಗಳನ್ನೇ ನೋಡುತ್ತಾ ಕೂತೆ.

"ಏನು ಹಂಗೆ ನೋಡ್ತೀಯ, ಬೇಗ ಮುಗ್ಸು," ಅಂದಳು ಅಮ್ಮ. ಆಮೇಲೆ ದಿನಾ ಕೇಳುವುದನ್ನೇ ಕೇಳಿದಳು. "ಅವ್ಳು ಯಾವಾಗ ಬರ್ತಾಳಂತೆ?"

ನಾನೂ ದಿನಾ ಹೇಳುವುದನ್ನೇ ಹೇಳಿದೆ. "ಮುಂದಿನ ತಿಂಗ್ಳು."

ಹಡಗಿನಿಂದ ಇಳಿದು ಮನೆಗೆ ಬಂದ ದಿನದಿಂದ ಈ ಸುಳ್ಳು ಹೇಳುತ್ತಿದ್ದೇನೆ. ಅದಕ್ಕೇ ಈ ಪತ್ರ. ಬಾಯಿಬಿಟ್ಟು ಹೇಳಬೇಕಾದಾಗ ನನ್ನ ನಾಲಿಗೆ ಎಲ್ಲಿ ಹೋಗಿ ಅಡಗುತ್ತದೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನನ್ನನ್ನು ಹಡಗಿನಲ್ಲಿ ಕಂಡಾಗ ನಿನಗೆ ಆಶ್ಚರ್ಯವಾಗಿರಬೇಕು. ಸಾಹಿತ್ಯ ಓದಿದವಳಿಗೆ ಯಾರು ಕೆಲಸ ಕೊಡುತ್ತಾರೆ ಅಂತ ಅಮ್ಮ ಅಣಕಿಸುತ್ತಿದ್ದಳಲ್ಲ, ಕೊನೆಗೆ ಕಣ್ಣು ಮಂಜಾದ ಒಬ್ಬ ನಿವೃತ್ತ ನ್ಯಾಯಾಧೀಶೆ ಕೊಟ್ಟರು. ದಿನಕ್ಕೆ ನಾಲ್ಕು ಗಂಟೆ ಅವರಿಗೆ ಪುಸ್ತಕ ಓದಿ ಹೇಳುವ ಕೆಲಸ. ಎಲ್ಲರೂ ಅವರನ್ನು ಜಡ್ಜಮ್ಮ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಈ ವರ್ಷ ಅವರಿಗೆ ಸಮುದ್ರದ ಗಾಳಿ ಬೇಕೆನ್ನಿಸಿತು. ಐದು ಪ್ರವಾಸಿ ಹಡಗುಗಳ ಪರಿಚಯ ಪುಸ್ತಿಕೆಗಳನ್ನು ತರಿಸಿ ನನ್ನ ಮುಂದೆ ಹಾಕಿದರು. ನೀನು ಯಾವ ಹಡಗಿನಲ್ಲಿದ್ದೀಯ ಅಂತ ನಿನ್ನ ಜೊತೆ ಮಸಾಜ್ ಕಲಿತ ಗೆಳತಿಯಿಂದ ತಿಳಿದುಕೊಂಡಿದ್ದೆ. ನಾಲ್ಕನ್ನು ಮಾತ್ರೆ ಡಬ್ಬಿಯೊಳಗಿನ ಚೀಟಿಯ ಹಾಗೆ ಓದಿದೆ, ನಿನ್ನದನ್ನು ಪದ್ಯದ ಹಾಗೆ. "ಸಾಕ್ಷಿ ಸ್ವಲ್ಪ ಪಕ್ಷಪಾತಿ ಅನ್ಸುತ್ತೆ," ಅಂದರು ಜಡ್ಜಮ್ಮ. ಆದರೂ ಅದನ್ನೇ ಆರಿಸಿದರು.

ಅಮ್ಮನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ನಾನು ಬಂದದ್ದು ನಿನ್ನನ್ನು ಮನೆಗೆ ಕರೆಯುವುದಕ್ಕೆ. ಅಮ್ಮ ಬಿದ್ದ ಮೇಲೆ ಪತ್ರ ಬರೆದೆ, ಅದು ವಾಪಸು ಬಂತು; ಫೋನ್ ಮಾಡಿದೆ, ನಿನ್ನ ನಂಬರು ಬದಲಾಗಿತ್ತು. ಎದುರಿಗೆ ನಿಂತು ಕರೆದರೆ ಬಂದೇ ಬರುತ್ತೀಯ ಅಂದುಕೊಂಡಿದ್ದೆ. ಚಿಕ್ಕವಳಿದ್ದಾಗ ನೀನು ಹೋದಲ್ಲೆಲ್ಲ ಹಿಂದೆ ಬರುತ್ತಿದ್ದೆನೆಂದು ನನಗೆ "ಬಾಲ" ಅಂತ ಹೆಸರಿಟ್ಟವಳು ನೀನೇ ತಾನೇ.

ಎರಡನೇ ದಿನ ಸ್ಪಾ ಬಾಗಿಲಲ್ಲಿ ನಿನ್ನನ್ನು ಕಂಡೆ. ಬಿಳಿ ಸಮವಸ್ತ್ರ, ಕೈಯಲ್ಲಿ ಮಡಚಿದ ಟವೆಲ್‌ಗಳು. ನೀನೂ ನನ್ನನ್ನು ನೋಡಿದೆ, ಒಂದೇ ಕ್ಷಣ. ಮರುಕ್ಷಣ ಅಂಗಡಿಯ ಷಟರ್ ಎಳೆದ ಹಾಗೆ ನಿನ್ನ ಮುಖ ಮುಚ್ಚಿತು. ಪ್ರಯಾಣಿಕರ ಜೊತೆ ಸಿಬ್ಬಂದಿ ಸಲಿಗೆಯಿಂದ ಮಾತಾಡುವಂತಿಲ್ಲ, ಸಿಕ್ಕಿಬಿದ್ದರೆ ಮುಂದಿನ ಬಂದರಿನಲ್ಲೇ ಇಳಿಸುತ್ತಾರೆ ಅಂತ ನಮ್ಮ ಕೋಣೆ ಗುಡಿಸುವಾಕೆ ಆಮೇಲೆ ಹೇಳಿದಳು. ನಿನ್ನ ಕೋಣೆಯಿರುವ ಅಂತಸ್ತಿಗೆ ನಾವು ಇಳಿಯುವಂತಿಲ್ಲ, ನಮ್ಮ ಊಟದ ಮನೆಗೆ ನೀನು ಬರುವಂತಿಲ್ಲ. ಉಳಿದದ್ದು ಒಂದೇ ದಾರಿ. ಕೌಂಟರಿನ ಹುಡುಗಿ "ಯಾರಾದ್ರೂ ಪರವಾಗಿಲ್ವಾ?" ಅಂದಾಗ, ಅಂಗಡಿಯಲ್ಲಿ ಬಟ್ಟೆ ತೋರಿಸುವ ಹಾಗೆ ನಿನ್ನತ್ತ ಬೆರಳು ತೋರಿಸಿದೆ. ಐವತ್ತು ನಿಮಿಷಕ್ಕೆ ನನ್ನ ಎರಡು ತಿಂಗಳ ಸಂಬಳ. ಆರು ವರ್ಷದ ಮೇಲೆ ನನ್ನ ಅಕ್ಕನನ್ನು ಹಾಗೆ ಕೊಂಡುಕೊಂಡೆ.

ನಿನಗೆ ಎಲ್ಲ ನೆನಪಿದ್ದೀತು. ಆದರೆ ಮೇಜಿನ ಮೇಲೆ ಬೋರಲು ಮಲಗಿದವಳಿಗೆ ಹೇಗಿತ್ತು ಅನ್ನುವುದು ನಿನಗೆ ಗೊತ್ತಿಲ್ಲ. ಮುಖಕ್ಕೆಂದು ಕೊರೆದ ತೂತಿನಿಂದ ನೋಡಿದರೆ ಕೆಳಗೆ ನೀರಿನ ಬಟ್ಟಲು, ಅದರಲ್ಲಿ ಬಟ್ಟೆಯ ಏಳು ಹೂ. ಬಟ್ಟಲಿನಾಚೆ ನಿನ್ನ ಬೂಟುಗಳು. ಬಲಬೂಟಿನ ಪಕ್ಕವನ್ನು ನೀನು ಕಾಲಿನ ಹೆಬ್ಬೆರಳ ಗಂಟಿಗೆ ತಾಗದಂತೆ ಬ್ಲೇಡಿನಿಂದ ಸೀಳಿಕೊಂಡಿದ್ದೆ, ಮೇಲೆ ಬಿಳಿ ಪಟ್ಟಿ ಅಂಟಿಸಿದ್ದೆ. ಐವತ್ತು ನಿಮಿಷದಲ್ಲಿ ನಾನು ನಿನ್ನನ್ನು ನೋಡಿದ್ದು ಹೆಚ್ಚುಕಮ್ಮಿ ಅಷ್ಟೇ.

ಪರದೆಯಾಚೆ ನಿಮ್ಮ ಸೂಪರ್‌ವೈಸರ್ ಓಡಾಡುತ್ತಿದ್ದಳು. ನೀನು ಬಗ್ಗಿ ಪಿಸುಗುಟ್ಟಿದೆ. "ಮಾತಾಡ್ಬೇಡ ಬಾಲ. ಉಸಿರು ಬಿಡು." ಎಷ್ಟೋ ಹೊತ್ತಿನ ಮೇಲೆ ನೀನೇ ತಡೆಯಲಾರದೆ ಕೇಳಿದೆ. "ಅಮ್ಮಂಗೆ ಏನೋ ಆಗಿರ್ಬೇಕು, ಇಲ್ದಿದ್ರೆ ನೀನು ಬರ್ತಿರ್ಲಿಲ್ಲ. ಏನಾಗಿದೆ ಅವ್ಳಿಗೆ?"

"ಲಕ್ವ. ಎಡಭಾಗ ಪೂರ್ತಿ. ಎಂಟು ತಿಂಗ್ಳಾಯ್ತು."

"ಬೆರಳು ಮಡಚ್ತಾಳಾ?"

"ಇಲ್ಲ."

ನಿನ್ನ ಕೈ ಒಂದು ಗಳಿಗೆ ನಿಂತು ಮತ್ತೆ ಚಲಿಸಿತು. ಆಗ ಗಮನಿಸಿದೆ, ನೀನು ಬೆರಳುಗಳಿಂದ ಒತ್ತುತ್ತಲೇ ಇರಲಿಲ್ಲ. ಎಲ್ಲವೂ ಮೊಣಕೈಯಿಂದ, ಮುಂಗೈಯಿಂದ. ಹೆಬ್ಬೆರಳು ತಾಗಿದಾಗೆಲ್ಲ ಬೆಚ್ಚಿ ಹಿಂದೆ ಸರಿಯುತ್ತಿತ್ತು. ಬಟ್ಟೆ ಹೊಲಿದು ಹೊಲಿದು ಮೆಷಿನ್ ತುಳಿದ ಅಮ್ಮನ ಕಾಲಿನ ಸೆಳೆತವನ್ನು ಸಂಜೆಯ ಹೊತ್ತು ಒಂದೇ ಹೆಬ್ಬೆರಳಲ್ಲಿ ಹುಡುಕಿ ತೆಗೆಯುತ್ತಿದ್ದವಳು ನೀನು. ದಿನಕ್ಕೆ ಹತ್ತು ಮೈ ಉಜ್ಜಿದರೆ ಹೆಬ್ಬೆರಳು ಎಷ್ಟು ವರ್ಷ ತಡೆದೀತು? ಕೇಳಲಿಲ್ಲ. ಕೇಳಬೇಕಿತ್ತು.

ನಾನು ಅಂದದ್ದು ಇಷ್ಟೇ. "ನಿನ್ನ ಕೇಳ್ತಾಳೆ ಅಕ್ಕಾ. ದಿನಾ ಕೇಳ್ತಾಳೆ. ಬಾ."

ನೀನು ಕೇಳಿದೆ. "ನನ್ನ ಕೇಳ್ತಾಳಾ, ನನ್ನ ಕೈ ಕೇಳ್ತಾಳಾ?"

ಅಕ್ಕಾ, "ನಿನ್ನನ್ನೇ" ಅನ್ನುವ ಒಂದೇ ಮಾತು ಸಾಕಿತ್ತು. ನಾನು ಬಟ್ಟಲಿನ ಹೂ ಎಣಿಸಿದೆ, ಮತ್ತೆ ಎಣಿಸಿದೆ. ನೀನು ಉತ್ತರಕ್ಕೆ ಕಾದೆ, ನಿನ್ನ ಕಾಲುಗಳು ಅಲ್ಲಾಡಲಿಲ್ಲ. ಆಮೇಲೆ ಅವು ಮೇಜಿನ ಇನ್ನೊಂದು ಬದಿಗೆ ಹೋದವು. ಉಳಿದ ಹೊತ್ತು ಎಲ್ಲರನ್ನೂ ಉಜ್ಜುವ ಹಾಗೆ ನನ್ನನ್ನೂ ಉಜ್ಜಿದೆ, ಒಂದು ಗುಲಗಂಜಿ ಹೆಚ್ಚಿಲ್ಲ, ಒಂದು ಗುಲಗಂಜಿ ಕಡಿಮೆಯಿಲ್ಲ.

ಮುಗಿದ ಮೇಲೆ ನೀನು ನಿಮ್ಮ ವಾಡಿಕೆಯಂತೆ ಬಿಸಿನೀರು ಕೊಟ್ಟು, ಎದುರಿಗೆ ಕೂತು, ಆ ಚೀಟಿ ತುಂಬಿದೆ. ಡಾಕ್ಟರರ ಚೀಟಿಯಂಥದೇ. ಮೇಲೆ ಯಾವ ಎಣ್ಣೆ, ಯಾವ ಲೇಪ ಕೊಳ್ಳಬೇಕು ಅಂತ ಪಟ್ಟಿ, ಕೆಳಗೆ "ಮುಂದಿನ ಭೇಟಿ" ಅಂತ ಒಂದು ಸಾಲು. ಅಲ್ಲಿ ಇನ್ನೂ ಮೂರು ಸಲ ಅಂತಲೋ ನಾಲ್ಕು ಸಲ ಅಂತಲೋ ಬರೆಯಲೇಬೇಕಂತಲ್ಲ. ನೀನು "ಅಗತ್ಯವಿಲ್ಲ" ಅಂತ ಬರೆದೆ. ಸೂಪರ್‌ವೈಸರ್ ಆ ಸಾಲಿನ ಮೇಲೆ ಉಗುರಿನಿಂದ ಕುಟ್ಟಿದಳು. ನೀನು ನನ್ನ ಮುಖ ನೋಡದೆ, "ಇವರಿಗೆ ಬೇಕಾಗಿಲ್ಲ," ಅಂದೆ.

ಇವರಿಗೆ! ಹುಟ್ಟಿದಾಗಿನಿಂದ ನೀನು ನನಗೆ ಬಹುವಚನ ಕೊಟ್ಟಿರಲಿಲ್ಲ.

ಆ ದಿನ ಊಟದ ಮೇಜಿನಲ್ಲಿ ಎಲ್ಲರ ಮಾತೂ ಸ್ಪಾದ ದರದ್ದೇ. ಹಲ್ಲಿನ ಡಾಕ್ಟರೊಬ್ಬರು, "ಶುದ್ಧ ದಂಡ! ಅದೇ ದುಡ್ಡಿಗೆ ನಮ್ಮೂರಲ್ಲಿ ಹತ್ತು ಸಲ ಉಜ್ಜಿಸ್ಕೋಬಹುದು," ಅಂದರು. ಅವರ ಹೆಂಡತಿ, "ನೀವು ಹಲ್ಲು ಕೀಳೋಕೆ ಎಷ್ಟು ಕೀಳ್ತೀರ, ಹೇಳ್ಲಾ?" ಅಂತ ಅವರ ಬಾಯಿ ಮುಚ್ಚಿಸಿದರು. ಜಡ್ಜಮ್ಮ ನನ್ನತ್ತ ತಿರುಗಿ, "ಅನುಭವಿಸಿದವಳು ನೀನು. ಹೇಳಮ್ಮ, ಕೊಟ್ಟ ದುಡ್ಡಿಗೆ ತಕ್ಕ ಹಾಗಿತ್ತಾ?" ಅಂದರು. ನಾನು, "ಹಡಗು ಬಂದರಲ್ಲಿ ನಿಂತ ದಿನ ಹೋದ್ರೆ ಕಡಿಮೆಯಂತೆ," ಅಂದೆ. ಎಲ್ಲರೂ ನಕ್ಕರು. ಜಡ್ಜಮ್ಮ ನಗಲಿಲ್ಲ. ಕಣ್ಣು ಸರಿಯಾಗಿ ಕಾಣದಿದ್ದರೂ ಬಹಳ ಹೊತ್ತು ನನ್ನ ಕಡೆಗೇ ಮುಖ ಮಾಡಿ ಕೂತಿದ್ದರು.

ಆ ಐವತ್ತು ನಿಮಿಷ ಯಾಕೆ ಬರಿಗೈಯಲ್ಲಿ ಮುಗಿಯಿತು ಅಂತ ನಿನಗೆ ಹೇಳಿಬಿಡುತ್ತೇನೆ. ಅಮ್ಮ ಕೇಳುವುದು ನಿನ್ನ ಕೈಯನ್ನೇ. "ಅವ್ಳ ಕೈಲಿ ಏನೋ ಇತ್ತು. ಅವ್ಳು ಒಂದು ತಿಂಗ್ಳು ಉಜ್ಜಿದ್ರೆ ನಾನು ಮತ್ತೆ ಮೆಷಿನ್ ಮುಂದೆ ಕೂರ್ತೀನಿ," ಅನ್ನುತ್ತಾಳೆ. ನೀನು ಊಟ ಮಾಡುತ್ತೀಯಾ, ಸುಖವಾಗಿದ್ದೀಯಾ ಅಂತ ಇಷ್ಟು ತಿಂಗಳಲ್ಲಿ ಒಂದು ದಿನವೂ ಕೇಳಿಲ್ಲ. ನೀನು ಆ ಕೆಲಸ ಹಿಡಿದ ದಿನ ಅವಳು ಆಡಿದ್ದು ನನಗೆ ಇನ್ನೂ ಕೇಳಿಸುತ್ತದೆ. "ಕಂಡೋರ ಮೈ ತಿಕ್ಕೋಕೆ ನಿನ್ನ ಹೆತ್ನಾ? ಆ ಕೈಲಿ ನನ್ನ ಮುಟ್ಬೇಡ." ನೀನು ಒತ್ತುತ್ತಿದ್ದ ಕಾಲನ್ನು ಎಳೆದುಕೊಂಡು ಸೀರೆಯೊಳಗೆ ಮುಚ್ಚಿಕೊಂಡಿದ್ದಳು. ಆಗಲೂ ನಾನು ಬಾಗಿಲ ಹತ್ತಿರ ನಿಂತಿದ್ದೆ. ಆಗಲೂ ನಾನು ಏನೂ ಅನ್ನಲಿಲ್ಲ.

ಒಂದು ಸಲ ಮಾತ್ರ ಅವಳನ್ನು ಕೇಳಿಯೇಬಿಟ್ಟೆ, "ಅವತ್ತು ಅಂದದ್ದು ತಪ್ಪಾಯ್ತು ಅಂತ ಅಕ್ಕನಿಗೆ ಹೇಳ್ಲಾ?" ಅಂತ. "ತಪ್ಪೇನು? ತಾಯಿ ಆಡಿದ್ದಕ್ಕೆಲ್ಲ ಲೆಕ್ಕ ಇಡ್ತಾರಾ?" ಅಂತ ಗೋಡೆಯ ಕಡೆ ಮುಖ ತಿರುಗಿಸಿದಳು. ಅವಳು ಕೆಟ್ಟವಳಲ್ಲ ಅಕ್ಕಾ. ಹೊಲಿಗೆ ಬಿಟ್ಟರೆ ಅವಳಿಗೆ ಬೇರೆ ಬದುಕೇ ಗೊತ್ತಿಲ್ಲ, ಅದೊಂದು ಮರಳಿ ಸಿಗಲಿ ಅನ್ನುವ ಆಸೆಗೆ ಜೋತುಬಿದ್ದಿದ್ದಾಳೆ. ಆದರೆ ಅವಳು ಕಾಯುತ್ತಿರುವ ಕೈ ಈಗ ನಿನ್ನ ಹತ್ತಿರವೂ ಇಲ್ಲ. ಅದನ್ನು ನಾನು ನನ್ನ ಬೆನ್ನಿನಿಂದಲೇ ತಿಳಿದುಕೊಂಡೆ. ನೀನು ಬಂದು, ಆ ಹೆಬ್ಬೆರಳು ಇಟ್ಟುಕೊಂಡು ತಿಂಗಳುಗಟ್ಟಲೆ ಉಜ್ಜಿ, ಅವಳ ಒಂದು ಬೆರಳೂ ಅಲ್ಲಾಡದೆ ಹೋದರೆ ಅವಳು ನಿನಗೆ ಏನನ್ನುತ್ತಾಳೆ ಅನ್ನುವುದನ್ನು ಊಹಿಸಬಲ್ಲೆ. ಎರಡನೇ ಸಲ ಅದನ್ನು ಕೇಳುತ್ತಾ ಬಾಗಿಲ ಹತ್ತಿರ ನಿಲ್ಲಲು ನನ್ನಿಂದಾಗದು.

ಬಾ ಅನ್ನುವುದಕ್ಕೆಂದೇ ಮೊದಲ ಹಾಳೆ ತೆಗೆದದ್ದು. ಬರೆಯುತ್ತ ಬರೆಯುತ್ತ ಮನಸ್ಸು ಬದಲಾಯಿತು. ಇನ್ನು ನಾನು ನಿನ್ನನ್ನು ಕರೆಯುವುದಿಲ್ಲ. ಇವತ್ತು ದೀಪ ಹಚ್ಚುವ ಹೊತ್ತಿಗೆ ಅಮ್ಮ ಮತ್ತೆ ಕೇಳುತ್ತಾಳೆ. "ಅವಳು ಬರೋದಿಲ್ಲ ಅಮ್ಮ. ಬರಬೇಡ ಅಂತ ನಾನೇ ಬರೆದೆ," ಅನ್ನುತ್ತೇನೆ. ಆಮೇಲೆ ಅವಳು ಏನೆಂದರೂ ಅದು ನನಗೇ ಅಂದ ಹಾಗಾಗಲಿ.

ಎಲ್ಲೇ ಇರು, ವರ್ಷಕ್ಕೊಂದು ಸಲವಾದರೂ ಯಾರಾದರೂ ನಿನ್ನನ್ನು ಮಲಗಿಸಿ, ನಿನ್ನ ಬೆನ್ನು ಒತ್ತುವಂತಾಗಲಿ.

ಇಂತಿ,
ನಿನ್ನ ಹಿಂದೆ ಬರಲಾಗದೆ ಇಲ್ಲೇ ಉಳಿದ
ಬಾಲ