ಹನ್ನೊಂದೂಕಾಲಿಗೆ ಎರಡು ಮೈಲಿ

ಬಂದರಿನ ಕಂಟ್ರೋಲ್ ರೂಮು, ಮೂರನೇ ಮಹಡಿ
ಶುಕ್ರವಾರ, ಮಾರ್ಚ್ ಒಂಬತ್ತು, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಚಿನಕುರಳಿ,

ಹೇಗಿದ್ದೀಯ? ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಪಾಳಿ ಮುಗಿದ ಕೂಡಲೇ ಹಾಸಿಗೆಗೆ ಬೀಳುತ್ತೀಯೋ? ಬೆಳಿಗ್ಗೆ ರೇಡಿಯೊದಲ್ಲಿ ನಿನ್ನ ಗಂಟಲು ಕಟ್ಟಿದ ಹಾಗಿತ್ತು. ಬಿಸಿನೀರು ಕುಡಿ. ನೀನು ಹಡಗಿನ ಮೂರನೇ ಆಫೀಸರ್ ಅನ್ನುವುದು ಶೀತಕ್ಕೆ ಗೊತ್ತಾಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಈ ಮೂರು ಮಹಡಿ ಹತ್ತುವಾಗ ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ, ಥೇಟ್ ನಿನ್ನ ಹಾಗೆ.

ನಿಮ್ಮ ಹಡಗು ನಮ್ಮ ಬಂದರಿಗೆ ಬರುವುದಿಲ್ಲ, ಮುಂದಿನಿಂದ ಹಾದುಹೋಗುತ್ತದೆ ಅಷ್ಟೇ. ಅದಕ್ಕೇ ನಿನ್ನ ಅಮ್ಮ ಒಂದು ವಾರದಿಂದ ಕ್ಯಾಲೆಂಡರ್ ಮುಂದೆ ನಿಂತಿದ್ದಳು. ನಿನ್ನನ್ನು ನೋಡಿ ಹದಿನಾಲ್ಕು ತಿಂಗಳಾಯಿತಂತೆ. ಹನ್ನೊಂದೂಕಾಲಿಗೆ, ಎರಡು ಮೈಲಿ ದೂರದಲ್ಲಿ ನಿಮ್ಮ ಹಡಗು ನಮ್ಮ ನೇರಕ್ಕೆ ಬರುತ್ತದೆ ಎಂದು ನಾನೇ ಹೇಳಿದ್ದೆ. ಚಿಕ್ಕವಳಿದ್ದಾಗ ಗುಡಾರ ಮಾಡಿಕೊಂಡು ಆಡುತ್ತಿದ್ದೆಯಲ್ಲ, ಆ ಕೆಂಪು ಬೆಡ್‌ಶೀಟ್ ಬೀಸುತ್ತೇನೆ, ದುರ್ಬೀನಿನಲ್ಲಿ ನೋಡು ಎಂದು ನಿನಗೆ ಅವಳು ಹೇಳಿದ್ದೂ ಆಯಿತು. ಹತ್ತೂವರೆಗೇ ನಮ್ಮ ಆಫೀಸಿನ ತಾರಸಿ ಹತ್ತಿದಳು. ಎರಡು ಕಡೆ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡು ಹತ್ತಿದಳು.

ಇನ್ನು ನನ್ನ ಪೆದ್ದುತನ ಹೇಳುತ್ತೇನೆ, ಬೈಯಬೇಡ. ಒಂದು ತುಂಬಿದ ಎಣ್ಣೆ ಹಡಗು ಹನ್ನೊಂದೂವರೆಗೆ ಹೊರಡಬೇಕಿತ್ತು. ಅದನ್ನು ಬೇಗ ಕಳಿಸಿಬಿಟ್ಟರೆ ಹನ್ನೊಂದೂಕಾಲಿಗೆ ನನ್ನ ಮೇಜು ಖಾಲಿ, ನಾನೂ ತಾರಸಿಗೆ ಓಡಿ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿಯಬಹುದು ಅನ್ನಿಸಿತು. ಕಳಿಸಿಬಿಟ್ಟೆ. ಬಿಡುವ ಮೊದಲು ಹಾಕಬೇಕಾದ ಲೆಕ್ಕವನ್ನು ಬಿಟ್ಟ ಮೇಲೆ ಹಾಕಿದೆ. ಮೂವತ್ತು ವರ್ಷದ ನೌಕರಿಯಲ್ಲಿ ಇದೇ ಮೊದಲು.

ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಿನಗೆ ಕಲಿಸಿದ ಅದೇ ಲೆಕ್ಕ. ಹನ್ನೊಂದಕ್ಕೆ ಎಣ್ಣೆ ಹಡಗು ಬಂದರಿನ ಬಾಯಲ್ಲಿತ್ತು. ಎರಡರ ದಾರಿ ಲಂಬಕೋನದಲ್ಲಿ ಕೂಡುವ ಜಾಗಕ್ಕೆ ಅದಕ್ಕೆ ಎರಡು ಮೈಲಿ, ವೇಗ ಗಂಟೆಗೆ ಒಂಬತ್ತು. ನಿನಗೆ ಮೂರು ಮೈಲಿ, ವೇಗ ಹನ್ನೆರಡು. ದೂರವನ್ನೇ ಹಿಡಿದು ಒದ್ದಾಡಬೇಡ, ದೂರದ ವರ್ಗವನ್ನು ಹಿಡಿ, ವರ್ಗಮೂಲ ಕೊನೆಗೆ ತೆಗೆದರಾಯಿತು ಎನ್ನುತ್ತಿದ್ದೆನಲ್ಲ? ಹಾಗೇ ಮಾಡಿದೆ. ದೂರ ಇಳಿಯುವುದು ನಿಂತು ಏರಲು ಶುರುವಾಗುವ ಗಳಿಗೆಯಲ್ಲಿ ಅದರ ಬದಲಾವಣೆ ಸೊನ್ನೆ. ಅವಕಲನ ಮಾಡಿ ಸೊನ್ನೆಗೆ ಸಮ ಮಾಡಿದರೆ ಕಾಲ ಸಿಕ್ಕಿತು: ಹದಿನಾಲ್ಕೂವರೆ ನಿಮಿಷ. ಆಗ ನಿಮ್ಮಿಬ್ಬರ ನಡುವೆ ಉಳಿಯುವುದು ಮೈಲಿಯ ಐದನೇ ಒಂದು ಭಾಗ. ಅರ್ಧ ಮೈಲಿಗಿಂತ ಕಡಿಮೆ ನಾವು ಬಿಡುವ ಹಾಗಿಲ್ಲ. ಕಂಪ್ಯೂಟರಿನ ಪರದೆಯೂ ಅದನ್ನೇ ಹೇಳಿ ಕೆಂಪಗೆ ಮಿನುಗತೊಡಗಿತು. ಅದೇ ಹನ್ನೊಂದೂಕಾಲು, ಮಗಳೇ. ಅಮ್ಮನಿಗೆ ನಾನು ಕೊಟ್ಟ ಹೊತ್ತು.

ಎಣ್ಣೆ ಹಡಗು ಕಿರಿದಾದ ಆಳದ ದಾರಿಯಲ್ಲಿತ್ತು. ತಿರುಗಲಾರದು, ನಿಲ್ಲಲಾರದು. ತಿರುಗಬಲ್ಲವಳು ನೀನೊಬ್ಬಳೇ. ರೇಡಿಯೊದಲ್ಲಿ ಹಡಗಿನ ಹೆಸರು, ದಿಕ್ಕು, ವೇಗ ಬಿಟ್ಟು ಬೇರೆ ಮಾತಾಡುವಂತಿಲ್ಲ. ಸಮುದ್ರದ ಕಡೆ ತಿರುಗಿ, ಬಂದರಿನಿಂದ ಐದು ಮೈಲಿ ದೂರ ಇಟ್ಟುಕೊಂಡು ಹೋಗಿ ಎಂದು ನನ್ನ ಬಾಯಿಂದಲೇ ಹೇಳಿದೆ. ನೀನು "ಆಗಲಿ ಸರ್" ಅಂದೆ. ಹೆತ್ತ ಮಗಳ ಬಾಯಲ್ಲಿ ಸರ್ ಅನ್ನಿಸಿಕೊಂಡೆ. ಇನ್ನೊಂದು ಮಾತು ಹೇಳಬೇಕೆಂದು ಗುಂಡಿ ಒತ್ತಿದ್ದೆ. ನಿನ್ನ ಹಡಗಿನ ಹೆಸರನ್ನೇ ಇನ್ನೊಮ್ಮೆ ಹೇಳಿ ಗುಂಡಿ ಬಿಟ್ಟೆ.

ಪರದೆಯ ಮೇಲೆ ನಿನ್ನ ಚುಕ್ಕೆ ಹೊರಳಿ ದೂರ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ತಾರಸಿಗೆ ಹೋಗುವಷ್ಟರಲ್ಲಿ ಹನ್ನೊಂದೂ ಮುಕ್ಕಾಲು. ನಿನ್ನ ಅಮ್ಮ ಇನ್ನೂ ಬೀಸುತ್ತಲೇ ಇದ್ದಳು. ಒಂದು ಕೈ ಸೋತರೆ ಇನ್ನೊಂದು ಕೈ. "ಆ ಚುಕ್ಕೆನೇ ಅವಳಾ? ಇನ್ನೂ ಹತ್ತಿರ ಬರ್ತಾಳೆ ತಾನೇ?" ಅಂದಳು. ಹೌದು ಅಂದೆ. ಆಗ ನೀನು ಆರು ಮೈಲಿ ದಾಟಿದ್ದೆ, ದೂರ ಏರುತ್ತಲೇ ಇತ್ತು. ಹೌದು ಎನ್ನದೆ ಇನ್ನೇನು ಹೇಳಲಿ? ದೂರ ತಳ್ಳಿದವನು ನಾನೇ ಎಂದು ಅವಳಿಗೆ ಇನ್ನೂ ಗೊತ್ತಿಲ್ಲ.

ಕಿವಿಗೆ ಗಾಳಿ ಬೀಳದ ಹಾಗೆ ಟೋಪಿ ಹಾಕಿಕೋ. ನಿನ್ನ ಕ್ಯಾಪ್ಟನ್ನರಿಗೆ ನನ್ನ ನಮಸ್ಕಾರ ತಿಳಿಸು. ಎಲ್ಲಿದ್ದರೂ ತಣ್ಣಗಿರು ಕಂದ.

ನಿನ್ನ,
ಸರ್ ಅಲ್ಲ, ಅಪ್ಪ

ತಾ.ಕ.: ನಿಮ್ಮ ಹಡಗು ಕಂಪನಿಯ ಏಜೆಂಟರ ಆಫೀಸಿನ ಹುಡುಗಿ ಟಪಾಲು ಚೀಲ ಕಟ್ಟುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಬರುವ ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಮ್ಮನಿಗೆ ಆಪರೇಷನ್. ಹೊಟ್ಟೆಯಲ್ಲಿ ಗಡ್ಡೆ, ದೊಡ್ಡದೇ. ಉಳಿಯುವ ಸಾಧ್ಯತೆ ಅರ್ಧಕ್ಕರ್ಧ ಅಂದಿದ್ದಾರೆ ಡಾಕ್ಟರು. ಮುಗಿಯುವವರೆಗೆ ನಿನ್ನ ಹತ್ತಿರ ಬಾಯಿ ಬಿಡಬಾರದೆಂದು ಆಣೆ ಹಾಕಿಸಿಕೊಂಡಿದ್ದಾಳೆ. ಬರೆಯಬಾರದು ಎಂದು ಹೇಳಿಲ್ಲ. ಇದು ಮುಂದಿನ ಬಂದರಿನಲ್ಲಿ ಸೋಮವಾರ ನಿನ್ನ ಕೈ ಸೇರುತ್ತದೆ. ಅಲ್ಲಿಂದ ಇಲ್ಲಿಗೆ ರೈಲಿನಲ್ಲಿ ಒಂದೂವರೆ ದಿನ. ಈ ಲೆಕ್ಕ ಹಾಕಲು ನನ್ನ ಕೈ ಬರುತ್ತಿಲ್ಲ, ನೀನೇ ಹಾಕು. ಇಳಿದುಬಿಡು ಮಗಳೇ. ಬೆಡ್‌ಶೀಟನ್ನು ಅವಳು ಆಸ್ಪತ್ರೆಯ ಚೀಲಕ್ಕೆ ತುಂಬಿದ್ದಾಳೆ.