ಒಂದನೇ ಕಲ್ಲಿನಲ್ಲಿ ಎಲೆಯಿಲ್ಲ

ಕೋಲಾರದ ಹಳೆಯ ಚಿನ್ನದ ಗಣಿ, ಕೆಳಗಿನಿಂದ ಆರನೇ ಅಂತಸ್ತು
2388ನೇ ಇಸವಿ, ಮಾರ್ಚ್ ಒಂಬತ್ತು, ಬೆಳಗಿನ ಮೊದಲ ಗಂಟೆ

ಹೆಡ್ವಿಗ್ ಬ್ರೆಮ್ಕೆ ಅಮ್ಮನವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನನಗಾಗಿರುವ ಗಾಬರಿಯೇ ಇಬ್ಬರಿಗೂ ಸಾಕು. ನಿಮಗೆ ಕನ್ನಡ ಬರುವುದಿಲ್ಲ. ಬಂದರೂ ನಮ್ಮ ಕೆಲವು ಮಾತು ಅರ್ಥವಾಗುವುದಿಲ್ಲ. ನಾನು ಹತ್ತನೇ ವಯಸ್ಸಿಗೇ ಪಾಠ ಬಿಟ್ಟವಳು, ಚೆಂದ ಮಾಡಿ ಬರೆಯಲಾರೆ. ಕ್ಷಮಿಸಿ. ಯಾರನ್ನಾದರೂ ಹಿಡಿದು ಇವತ್ತೇ ಓದಿಸಿಕೊಳ್ಳಿ. ಇದು ನಿಮಗೆ 1958ರ ಜೂನ್ ಎರಡಕ್ಕೆ ಸಿಗಬೇಕು. ಮೂರಕ್ಕೆ ನೀವು ಅಗೆಯಲು ಶುರು ಮಾಡುತ್ತೀರಿ.

ನನ್ನ ಹೆಸರು ಪಿಳ್ಳಮ್ಮ. ಹತ್ತೊಂಬತ್ತು ವರ್ಷ. ನಿಮ್ಮ ಕಲ್ಲುಗಳನ್ನು ಒರೆಸಿ ಕಾಯುವುದು ನನ್ನ ಕೆಲಸ. ನಾವು ನಾನೂರು ಜನ ಗಣಿಯೊಳಗೆ ಬದುಕುತ್ತಿದ್ದೇವೆ. ಮೇಲೆ ಹಗಲಲ್ಲಿ ನಿಲ್ಲಲಾಗುವುದಿಲ್ಲ. ಆ ಗಂಟೆಗಳಿಗೆ ಸುಡುಹೊತ್ತು ಎನ್ನುತ್ತೇವೆ. ಆಗ ಹೊರಗಿದ್ದವನನ್ನು ಹುಡುಕಲು ಯಾರೂ ಹೋಗುವುದಿಲ್ಲ. ದೀಪದ ಕೆಳಗೆ ಸೊಪ್ಪು ಬೆಳೆಯುವ ಸುರಂಗಕ್ಕೆ ಸೊಪ್ಪುಮನೆ ಅನ್ನುತ್ತೇವೆ, ಅದೇ ನಮ್ಮ ಊಟ. ಇಲ್ಲಿ ಎಲ್ಲವನ್ನೂ ಕೆಳಗಿನಿಂದ ಎಣಿಸುತ್ತೇವೆ, ತಳದ ಅಂತಸ್ತು ಒಂದು. ಹೊಸ ಕೋಣೆ ಬೇಕಾದರೆ ತಲೆಯ ಮೇಲಿನ ಬಂಡೆಯನ್ನು ಕೊರೆಯುತ್ತೇವೆ, ಪುಡಿ ತಾನೇ ಕೆಳಗೆ ಬೀಳುತ್ತದೆ. ಕೆಳಕ್ಕೆ ತೋಡುವುದನ್ನು ಇಲ್ಲಿ ಯಾರೂ ಕಂಡಿಲ್ಲ. ಇದನ್ನು ನೆನಪಿಡಿ. ಇದೇ ನಮ್ಮನ್ನು ಕೊಲ್ಲುವುದು.

ನಿಮ್ಮ ಬದುಕು ನನಗೆ ಬಾಯಿಪಾಠ. ನೀವು ಇನ್ನೂ ಕಾಣದ್ದನ್ನೂ ಹೇಳುತ್ತೇನೆ, ಬೇಜಾರಾಗಬೇಡಿ. ನಿಮ್ಮಪ್ಪ ಇಟ್ಟಿಗೆ ಸುಡುವವರು. ಅವರ ಮಣ್ಣಿನಲ್ಲಿ ನಿಮಗೆ ಏಳು ವರ್ಷವಿದ್ದಾಗ ಮೊದಲ ಕಲ್ಲೆಲೆ, ಅಂದರೆ ಕಲ್ಲಿನಲ್ಲಿ ಅಚ್ಚಾದ ಎಲೆ, ಸಿಕ್ಕಿತು. ನಿಮಗೆ ಕಲಿಸಿದ ಗುರುಗಳು ಮೂವತ್ತು ವರ್ಷ ಕೂಡಿಸಿದ ಎಲೆಕಲ್ಲುಗಳು ಯುದ್ಧದ ಬಾಂಬಿಗೆ ಒಂದೇ ದಿನದಲ್ಲಿ ಬೂದಿಯಾದವು. ಅವತ್ತಿನಿಂದ ನಿಮಗೊಂದು ಅಭ್ಯಾಸ. ಕಲ್ಲು ಸೀಳಿದರೆ ಎಲೆಯ ಅಚ್ಚು ಎರಡು ಹೋಳಿನಲ್ಲೂ ಇರುತ್ತದಲ್ಲ, ಒಂದನ್ನು ನಿಮ್ಮೂರಲ್ಲಿ ಇಟ್ಟುಕೊಂಡು ಇನ್ನೊಂದನ್ನು ದೂರದ ದೇಶಕ್ಕೆ ಕಳಿಸುತ್ತೀರಿ. ಹನ್ನೊಂದು ವರ್ಷ ಕೆಲಸ ಕೊಡದೆ ಗಂಡಸರ ಪ್ರಯೋಗಾಲಯದಲ್ಲಿ ಗಾಜು ತೊಳೆಸಿದರು. ಅಲ್ಲೇ ಕದ್ದುಮುಚ್ಚಿ ಎಲೆಯ ಉಸಿರುರಂಧ್ರ ಎಣಿಸುವುದನ್ನು ಕಲಿತಿರಿ. ಗಾಳಿ ಕೆಟ್ಟು ಭೂಮಿ ಬಿಸಿಯಾದಂತೆ ರಂಧ್ರ ಕಡಿಮೆಯಾಗುತ್ತದೆ ಎಂದು ನೀವು ಬರೆದಾಗ ನಕ್ಕರು. ನಿಮ್ಮ ನಲವತ್ತಾರನೇ ವಯಸ್ಸಿಗೆ ಪುಸ್ತಕ ಬಂತು, ನಗುವುದು ನಿಂತಿತು. ಅರವತ್ತಕ್ಕೆ ಕಣ್ಣು ಹೋಯಿತು. ಆಮೇಲೂ ಕಲ್ಲನ್ನು ಬೆರಳಲ್ಲಿ ಸವರಿ ಯಾವ ಎಲೆ ಎಂದು ಹೇಳುತ್ತಿದ್ದಿರಂತೆ.

ನಿಮ್ಮೂರಿನ ಹೋಳುಗಳು ಉಳಿಯಲಿಲ್ಲ. ಇಲ್ಲಿಗೆ ಬಂದ ಒಂಬತ್ತು ಉಳಿದವು, ನೀವು ಹಾಕಿದ ಸಂಖ್ಯೆಗಳ ಸಮೇತ. ಒಂಬತ್ತನೆಯದರಿಂದ ಎರಡನೆಯದರವರೆಗೆ, ಎಷ್ಟೋ ಕೋಟಿ ವರ್ಷದ ಹಿಂದೆ ಭೂಮಿ ಹೀಗೇ ಬಿಸಿಯಾದಾಗಿನ ಬೀಸಣಿಗೆಯಂಥ ಎಲೆ ಇದೆ. ಒಂಬತ್ತರಲ್ಲಿ ರಂಧ್ರ ಕಿಕ್ಕಿರಿದಿವೆ, ಎರಡರಲ್ಲಿ ಅಲ್ಲೊಂದು ಇಲ್ಲೊಂದು. ಒಂದನೇ ಕಲ್ಲಿನಲ್ಲಿ ಎಲೆಯೇ ಇಲ್ಲ, ಬರೀ ಕಪ್ಪು.

ಅದೇ ಜಾತಿಯ ಗಿಡ ಗಣಿಬಾಯಲ್ಲಿ ಇನ್ನೂ ಇದೆ. ಹೋದ ತಿಂಗಳು ನಮ್ಮ ಹಿರಿಯರು ಸೊಣ್ಣಪ್ಪ ಮೇಷ್ಟ್ರು ಅದರ ಎಲೆಯ ರಂಧ್ರ ಎಣಿಸಿದರು. ನಾಲ್ಕನೇ ಕಲ್ಲಿಗೆ ಸರಿಹೊಂದಿತು. ಜನರನ್ನು ಕೂಡಿಸಿ ಹೇಳಿದರು: "ಸಾವು ಒಂದ್ರಲ್ಲೇ ಮುಗ್ದೋಗೈತೆ ಕಣ್ರಪ್ಪಾ. ಎರಡು ಮೂರು ದಾಟಿ ನಾಲ್ಕಕ್ಕೆ ಬಂದಿದ್ದೀವಿ. ಇನ್ನೇನಿದ್ರೂ ಒಳ್ಳೇದೇ." ಜನ ಕುಣಿದರು. ಇವತ್ತು ನಲವತ್ತು ಜನರ ಮೊದಲ ತಂಡ ಹೊರಟು ಸುಡುಹೊತ್ತು ತಪ್ಪಿಸಿಕೊಂಡು ಬೆಟ್ಟಗಳ ಕಡೆ ನಡೆಯುತ್ತದೆ. ಅವರು ಮೇಲೇರಿದ ಕೂಡಲೇ ಬೋನು, ಅಂದರೆ ನಮ್ಮನ್ನು ಮೇಲೆ ಕೆಳಗೆ ಒಯ್ಯುವ ಪಂಜರ, ಬಿಚ್ಚಿ ಗಾಡಿಗೆ ಗಾಲಿ ಮಾಡುತ್ತಾರೆ. ಮುಂದಿನ ತಂಡಕ್ಕೆ ಹೊಸ ಬೋನು ಕಟ್ಟಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ವಾಪಸ್ ಬರುವ ದಾರಿ ಇರುವುದಿಲ್ಲ. ಆ ತಂಡದಲ್ಲಿ ನನ್ನಕ್ಕ ಅಲಮೇಲು ಇದ್ದಾಳೆ.

ನಾನು ಕಲ್ಲುಗಳ ಜೊತೆ ಬಂದ ನಿಮ್ಮ ದಿನಚರಿ ಓದಿದೆ. ನನಗಿಂತ ಮೊದಲು ಕಲ್ಲು ಕಾದವರು ಅದರಲ್ಲಿ ಅರ್ಧವನ್ನು ಕನ್ನಡಕ್ಕೆ ಇಳಿಸಿದ್ದಾರೆ. ಒಂದನೇ ಕಲ್ಲು ಸಿಕ್ಕಿದ್ದು ಜೂನ್ ಮೂರಕ್ಕೆ, ಒಂಬತ್ತನೆಯದು ಆಗಸ್ಟಿನಲ್ಲಿ. ನಡುವೆ ಜುಲೈ ಹನ್ನೆರಡರಂದು ಮಳೆ ಬಂದು ಗುಂಡಿ ತುಂಬಿತು, ಮೂರು ದಿನ ಬಕೆಟಿನಲ್ಲಿ ನೀರು ಎತ್ತಿದೆ ಎಂದು ಬರೆದಿದ್ದೀರಿ. ಮೇಲಕ್ಕೆ ಕೊರೆದ ತೂತಿನಲ್ಲಿ ನೀರು ಹೇಗೆ ತುಂಬುತ್ತದೆ? ನೀವು ಮೇಲಿನಿಂದ ಕೆಳಕ್ಕೆ ತೋಡಿದಿರಿ. ಒಂದು ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಕೊನೆಯದು. ನಾವು ನಾಲ್ಕರಲ್ಲಿದ್ದೇವೆ. ಮುಂದೆ ಬರುವುದು ಮೂರು, ಆಮೇಲೆ ಎರಡು, ಆಮೇಲೆ ಆ ಕಪ್ಪು.

ಓಡಿಹೋಗಿ ಮೇಷ್ಟ್ರಿಗೆ ಹೇಳಿದೆ. "ಮೇಲಿಂದ ತೋಡಿದ್ರೆ ಕಲ್ಲು ಎತ್ತೋರ್ಯಾರಮ್ಮೀ, ನಿಮ್ಮಜ್ಜೀನಾ?" ಎಂದರು. ಮಳೆಯ ವಿಷಯ ತೆಗೆದೆ. "ಮಳೆ ನೋಡಿದ್ದೀಯಾ ನೀನು? ಪಾಠ ಬಿಟ್ಟೋಳು ಕಲ್ಲು ಒರೆಸ್ಕೊಂಡು ಇರು." ಎಲ್ಲರೂ ನಕ್ಕರು. ನಾನು ಅವರಿಗೆ ಬಾಯಿಗೆ ಬಂದಂತೆ ಬೈದೆ, ಆಮೇಲೆ ಒಬ್ಬರೂ ನನ್ನ ಮಾತು ಕೇಳಲಿಲ್ಲ. ಅದು ನನ್ನದೇ ತಪ್ಪು. ಅಕ್ಕನ ಕಾಲು ಹಿಡಿದೆ. "ಹೊಟ್ಟೇಕಿಚ್ಚೇನೇ ಪಿಳ್ಳೀ? ಮುಂದಿನ ತಂಡದಾಗೆ ನಿನ್ನೂ ಕರ್ಸ್ಕೊಂತೀನಿ, ಅಳ್ಬೇಡ" ಎಂದು ತಲೆ ಸವರಿದಳು. ಅವಳು ಹದಿನೈದು ದಿನದಿಂದ ನಗುತ್ತಲೇ ಇದ್ದಾಳೆ. ಅದನ್ನು ನೋಡಿದರೆ ನನಗೆ ಇನ್ನೂ ಹೆದರಿಕೆ.

ಅಮ್ಮಾ, ನಿಮ್ಮನ್ನು ಕೇಳುವುದು ಒಂದೇ. ಒಂದನೇ ಕಲ್ಲಿನಲ್ಲಿ ಇಲ್ಲಿಗೆ ಕಳಿಸುವ ಹೋಳಿನ ಬೆನ್ನಿಗೆ ಉಳಿಯಿಂದ ಒಂದು ಸೂರ್ಯನನ್ನು ಕೊರೆಯಿರಿ. ಸೂರ್ಯ ಇರುವುದು ಯಾವ ಕಡೆ ಎಂದು ಇಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು, ಆ ಕಲ್ಲು ಮೇಲಿನದೆಂದು ಆಗ ಒಪ್ಪುತ್ತಾರೆ. ನಾನೇ ಕೊರೆಯಬಹುದಿತ್ತು, ಆದರೆ ಇವರು ಗಣಿಯವರು, ಹೊಸ ಗೀರು ಯಾವುದು ಹಳೆಯದು ಯಾವುದು ಎಂದು ಮುಟ್ಟಿದರೆ ಸಾಕು ಹೇಳುತ್ತಾರೆ. ನಾನೂರು ವರ್ಷ ಹಳೆಯ ಗೀರು ನಿಮ್ಮ ಕೈಯಿಂದಲೇ ಆಗಬೇಕು.

ಇಷ್ಟು ಬರೆಯುವುದರೊಳಗೆ ನಾಲ್ಕು ಸಲ ಎದ್ದು ಹೋಗಿ ಕಲ್ಲನ್ನು ತಿರುಗಿಸಿ ನೋಡಿದೆ. ಇನ್ನೂ ನುಣ್ಣಗಿದೆ. ಎರಡನೇ ಗಂಟೆ ಹೊಡೆಯಿತು, ಅಕ್ಕ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾಳೆ. ಬೇಗ ಕೊರೆಯಿರಿ ಅಮ್ಮಾ. ನಾನು ಕಲ್ಲಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದೇನೆ.

ಪಿಳ್ಳಮ್ಮ